ಸ್ಕೇಲ್ ಲಾಕ್: ಮಿಡಿ ಸ್ಕ್ರಿಪ್ಟ್‌ಗಳ ಚರಿತ್ರೆ

ಕೀಬೋರ್ಡಿನಲ್ಲಿ ನುಡಿಸಿದ ಸ್ವರ ಆರಿಸಿಕೊಂಡ ಸ್ಕೇಲ್‌ನ ಹೊರಗೆ ಬಿದ್ದರೆ, ಅದು ಕಿವಿಗೆ ಬೀಳುವ ಮೊದಲೇ ಒಳಕ್ಕೆ ತಂದು ಕೂರಿಸುವ ಮಿಡಿ ಏರ್ಪಾಡಿಗೆ ಸ್ಕೇಲ್ ಲಾಕ್ ಎಂದು ಹೆಸರು. ಇದನ್ನು ಒಂದೇ ಸೌಲಭ್ಯವೆಂಬಂತೆ ವಿವರಿಸುವ ರೂಢಿಯಿದೆ. ಆದರೆ ಮೂರು ಬೇರೆ ಬೇರೆ ಕೆಲಸಗಳು ಈ ಒಂದು ಹೆಸರಿನಡಿ ಸೇರಿಕೊಂಡಿವೆ. ಸ್ಕೇಲ್‌ಗೆ ಸೇರದ ಸ್ವರವನ್ನು ತಡೆದುಬಿಡುವುದು ಒಂದು. ಹತ್ತಿರದ ಸ್ವರಕ್ಕೆ ಸರಿಸುವುದು ಇನ್ನೊಂದು. ಬಿಳಿ ಮನೆಗಳಿಗೆಲ್ಲ ಸ್ಕೇಲ್‌ನ ಸ್ವರಗಳನ್ನೇ ಸಾಲಾಗಿ ಹಂಚಿ, ತಪ್ಪು ಮನೆಯೇ ಇಲ್ಲದಂತೆ ಮಾಡುವುದು ಮತ್ತೊಂದು. ಇವನ್ನು ಬೇರ್ಪಡಿಸದೆ ಮೊದಲಿಗರು ಯಾರೆಂದು ಕೇಳಿದರೆ ಉತ್ತರ ಸಿಗದು. ಬೇರ್ಪಡಿಸಿದರೆ, ಸ್ಕೇಲ್‌ಗಳ ಪಟ್ಟಿ ಬಂದದ್ದಕ್ಕಿಂತ, ನಿಯಮವನ್ನು ನುಡಿಸುವವರೇ ಬರೆದುಕೊಳ್ಳುವ ಸ್ಕ್ರಿಪ್ಟ್ ಬಂದದ್ದೇ ಈ ಚರಿತ್ರೆಯ ದೊಡ್ಡ ತಿರುವು ಎಂದು ತಿಳಿಯುತ್ತದೆ.

ವಿದ್ಯುನ್ಮಾನ ವಾದ್ಯಗಳು ಸಂದೇಶ ಕಳಿಸಿಕೊಳ್ಳುವ ಮಾನದಂಡವಾಗಿ 1983ರಲ್ಲಿ ಪ್ರಕಟವಾದ ಮಿಡಿ 1.0ರಲ್ಲಿ ಒಂದು ಸ್ವರವೆಂದರೆ 0ರಿಂದ 127ರೊಳಗಿನ ಒಂದು ಸಂಖ್ಯೆ, ಒತ್ತಿದ ಬಲಕ್ಕೆ ಇನ್ನೊಂದು ಸಂಖ್ಯೆ, ಅಷ್ಟೆ. ಮಧ್ಯದ ಸಿ ಸ್ವರ 60; ಅದು ಷಡ್ಜವೋ ಪಂಚಮವೋ ಎಂಬ ಸುಳಿವು ಸಂದೇಶದಲ್ಲಿ ಎಲ್ಲಿಯೂ ಇಲ್ಲ. 1988ರ ಮಿಡಿ ಫೈಲ್ ಮಾನದಂಡ ಸ್ಕೇಲ್ ಗುರುತಿಗೆ ಜಾಗ ಕೊಟ್ಟಿತಾದರೂ ಅದು ಫೈಲಿನೊಳಗಿನ ಟಿಪ್ಪಣಿ ಮಾತ್ರ, ಸ್ವರವನ್ನು ಅದು ಮುಟ್ಟುವುದಿಲ್ಲ. ಹೀಗಾಗಿ ಸ್ಕೇಲ್‌ನ ಅರಿವು ಬೇಕಾದವರು ಅದನ್ನು ಹೊರಗಿನಿಂದಲೇ ತರಬೇಕಾಯಿತು. ಮುಂದೆ ಆದದ್ದೆಲ್ಲ ಈ ಕೊರತೆಯಿಂದಲೇ ಹುಟ್ಟಿದೆ.

ಮೊದಲ ಹೆಜ್ಜೆ ಎಂದು ಲಾರಿ ಸ್ಪೀಗಲ್ 1986ರಲ್ಲಿ ಮ್ಯಾಕಿಂಟಾಷ್‌ಗೆ ಬರೆದ ‘ಮ್ಯೂಸಿಕ್ ಮೌಸ್’ ತಂತ್ರಾಂಶವನ್ನು ಹೆಸರಿಸುವುದು ನ್ಯಾಯ. ಮೌಸ್ ಎತ್ತ ಸರಿದರೂ ಆರಿಸಿದ ಸ್ವರಗುಂಪಿನೊಳಗಿನ ಸ್ವರಗಳೇ ಹೊಮ್ಮುತ್ತಿದ್ದವು. ಡಯಾಟೋನಿಕ್, ಪೆಂಟಟೋನಿಕ್ ಮೊದಲಾದ ಆಯ್ಕೆಗಳು ಅಲ್ಲಿದ್ದವು. ಅಲ್ಲಿ ತಪ್ಪು ಸ್ವರವನ್ನು ತಿದ್ದುವ ಪ್ರಶ್ನೆಯೇ ಬರುವುದಿಲ್ಲ, ಆದ್ದರಿಂದ ಅದನ್ನು ಸ್ಕೇಲ್ ಲಾಕ್ ಎನ್ನಲಾಗದು ಎಂಬ ಆಕ್ಷೇಪಕ್ಕೆ ತೂಕವಿದೆ. ತಿದ್ದುವಿಕೆಯನ್ನೇ ಲಕ್ಷಣವೆಂದು ಹಿಡಿದರೆ ಆಕ್ಷೇಪ ಸರಿ. ಆದರೆ ಮೇಲೆ ಹೇಳಿದ ಮೂರನೆಯ ಬಗೆಗೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗುವುದಿಲ್ಲ. 2013ರ ಏಬಲ್ಟನ್ ಪುಶ್ ಫಲಕದಲ್ಲಿ ಸ್ಕೇಲ್‌ನ ಸ್ವರಗಳನ್ನಷ್ಟೇ ಗುಂಡಿಗಳಿಗೆ ಹಂಚಿದ್ದರ ಹಿಂದೆ ಇದ್ದದ್ದೂ ಅದೇ ವಿಚಾರ. ಎರಡನೆಯ ಬಗೆ, ಅಂದರೆ ಬಂದ ಸ್ವರವನ್ನು ಇನ್ನೊಂದಕ್ಕೆ ಬದಲಿಸುವುದು, 2004ರ ಏಬಲ್ಟನ್ ಲೈವ್ 4ರಲ್ಲಿ ಸಿದ್ಧ ಸಾಧನವಾಗಿ ಬಂತು.

ಸಿದ್ಧ ಸಾಧನ ಇದ್ದಮೇಲೆ ಸ್ಕ್ರಿಪ್ಟ್ ಯಾಕೆ? ಉತ್ತರಕ್ಕೆ ಒಂದೇ ಸ್ವರವನ್ನು ಹತ್ತಿರದಿಂದ ನೋಡಿದರೆ ಸಾಕು. ಸ್ವರಸಂಖ್ಯೆಯನ್ನು 12ರಿಂದ ಭಾಗಿಸಿ ಉಳಿದ ಶೇಷವನ್ನು ಪಟ್ಟಿಯಲ್ಲಿ ಹುಡುಕುವುದು ಸುಲಭ. ಆದರೆ ಸಿ ಮೇಜರ್‌ನಲ್ಲಿ 61 ಬಂದರೆ 60ಕ್ಕೆ ಇಳಿಸಬೇಕೋ 62ಕ್ಕೆ ಏರಿಸಬೇಕೋ? ಎರಡೂ ಅಷ್ಟೇ ದೂರ. ಏರಿಸಿದರೆ 61, 62 ಎರಡೂ ಮನೆಗಳು ಒಂದೇ ಸ್ವರ ಹಿಡಿಯುತ್ತವೆ. ಒಂದರಿಂದ ಬೆರಳೆತ್ತಿದರೆ ಇನ್ನೊಂದರ ನಾದವೂ ಕಡಿದುಹೋಗುತ್ತದೆ. ಇದಕ್ಕಿಂತ ಕಾಡುವುದು ನಿಲ್ಲದ ಸ್ವರ. 64ನ್ನು ಒತ್ತಿ ಹಿಡಿದಿರುವಾಗಲೇ ಸ್ಕೇಲ್ ಸಿ ಮೈನರ್‌ಗೆ ಬದಲಾಯಿತೆನ್ನಿ. ಬೆರಳೆತ್ತಿದಾಗ ಬಂದ 64ನ್ನು ಹೊಸ ನಿಯಮ 63 ಮಾಡಿ ‘63 ನಿಲ್ಲಲಿ’ ಎಂದು ಕಳಿಸುತ್ತದೆ. 64 ಕೂಗುತ್ತಲೇ ಇರುತ್ತದೆ. ಯಾವ ಮನೆ ಒತ್ತಿದಾಗ ಯಾವ ಸ್ವರ ಹೊರಗೆ ಹೋಯಿತು ಎಂಬುದನ್ನು 128 ಮನೆಗಳಿಗೂ ನೆನಪಿಟ್ಟುಕೊಳ್ಳುವುದೇ ಪರಿಹಾರ. ಕೋಷ್ಟಕವೊಂದಕ್ಕೆ ಆ ನೆನಪಿಲ್ಲ, ಸ್ಕ್ರಿಪ್ಟ್‌ಗೆ ಉಂಟು. 2005ರ ಹೊತ್ತಿಗೆ ಕಾಂಟ್ಯಾಕ್ಟ್ 2 ಸ್ಯಾಂಪ್ಲರ್ ತನ್ನದೇ ಸ್ಕ್ರಿಪ್ಟ್ ಭಾಷೆ ತಂದಿತು. ರೀಪರ್ ತಂತ್ರಾಂಶದ ಬಳಕೆದಾರರಿಗೆ ಅಂಥದೇ ಸ್ಕ್ರಿಪ್ಟ್ ಭಾಷೆಯಾದ ಜೆಎಸ್‌ಎಫ್‌ಎಕ್ಸ್ ಸಿಕ್ಕಿತು. 2013ರ ಜುಲೈಯಲ್ಲಿ ಬಂದ ಲಾಜಿಕ್ ಪ್ರೊ ಎಕ್ಸ್, ಸ್ಕೇಲ್‌ಗೆ ಸರಿಸುವ ‘ಟ್ರಾನ್ಸ್‌ಪೋಸರ್’ ಜೊತೆಗೇ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬಹುದಾದ ‘ಸ್ಕ್ರಿಪ್ಟರ್’ ಅನ್ನೂ ಕೊಟ್ಟಿತು. ಸಿದ್ಧ ಸಾಧನವನ್ನೂ ಬರೆಯುವ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟದ್ದೇ ಒಂದು ಇನ್ನೊಂದರ ಜಾಗ ತುಂಬಲಾರದು ಎಂಬುದಕ್ಕೆ ಸಾಕ್ಷಿ.

ಕರ್ನಾಟಕ ಸಂಗೀತದ ಕಡೆಯಿಂದ ನೋಡಿದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. 72 ಮೇಳಕರ್ತಗಳನ್ನೂ ಹನ್ನೆರಡು ಮನೆಗಳ ಪಟ್ಟಿಯಾಗಿ ಬರೆದುಬಿಡಬಹುದು, ಮೋಹನವನ್ನೂ ಬರೆಯಬಹುದು. ಬಿಲಹರಿಯನ್ನು ಬರೆಯಲಾಗದು. ಅದರ ಆರೋಹಣದಲ್ಲಿ ಮಧ್ಯಮವೂ ನಿಷಾದವೂ ಇಲ್ಲ, ಅವರೋಹಣದಲ್ಲಿ ಎರಡೂ ಉಂಟು. 60 ಷಡ್ಜವಾದರೆ 64ರಿಂದ ಏರುತ್ತ 65 ಮುಟ್ಟಿದವರನ್ನು ತಿದ್ದಬೇಕು, 67ರಿಂದ ಇಳಿಯುತ್ತ ಅದೇ 65 ಮುಟ್ಟಿದವರನ್ನು ಬಿಡಬೇಕು. ಹಿಂದಿನ ಸ್ವರ ಯಾವುದೆಂದು ನೆನಪಿಡುವ ಸ್ಕ್ರಿಪ್ಟ್ ಮಾತ್ರ ಇದನ್ನು ಮಾಡಬಲ್ಲದು. ಪಾಶ್ಚಾತ್ಯರ ಮೆಲೋಡಿಕ್ ಮೈನರ್‌ನದೂ ಇದೇ ಕಥೆ, ಆದ್ದರಿಂದ ಇದು ನಮ್ಮ ರಾಗಗಳ ವಿಶೇಷ ತೊಡಕೆಂದು ಪಕ್ಕಕ್ಕಿಡುವಂತಿಲ್ಲ. ಸ್ಕ್ರಿಪ್ಟ್‌ಗೂ ಮಿತಿಯಿದೆ. ಬಿಲಹರಿಯಲ್ಲಿ ಅನ್ಯಸ್ವರವಾಗಿ ಸುಳಿಯುವ ಕೈಶಿಕಿ ನಿಷಾದವನ್ನು ಯಾವ ಪ್ರಯೋಗದಲ್ಲಿ ಒಪ್ಪಬೇಕು ಎನ್ನುವುದು ದಿಕ್ಕಿನ ಲೆಕ್ಕಕ್ಕೆ ಸಿಗುವುದಿಲ್ಲ. ಗಮಕವಂತೂ ಸ್ವರಸಂಖ್ಯೆಯಲ್ಲೇ ಇಲ್ಲ. ಅದು ಪಿಚ್ ಬೆಂಡ್ ಸಂದೇಶದಲ್ಲಿ ಬೇರೆಯಾಗಿ ಹರಿಯುತ್ತದೆ.

ಇಂಥ ಸಾಧನ ಕಲಿಕೆಯನ್ನು ಕೊಲ್ಲುತ್ತದೆ ಎಂಬುದು ಹಳೆಯ ದೂರು. ಅಮೆರಿಕದ ಗೀತಕಾರ ಇರ್ವಿಂಗ್ ಬರ್ಲಿನ್ ಹೆಚ್ಚಾಗಿ ಎಫ್ ಶಾರ್ಪ್‌ನಲ್ಲಷ್ಟೇ, ಅಂದರೆ ಬಹುಪಾಲು ಕಪ್ಪು ಮನೆಗಳಲ್ಲೇ ನುಡಿಸುತ್ತಿದ್ದರು. ಬೇರೆ ಶ್ರುತಿ ಬೇಕಾದಾಗ ಸನ್ನೆಯೊಂದನ್ನು ಸರಿಸಿದರೆ ಸಾಕು ಎಂಬಂತಹ ಪಿಯಾನೋ ಅವರಲ್ಲಿತ್ತು. ಆ ಸನ್ನೆ ಅವರ ಗೀತೆಗಳನ್ನು ಕಟ್ಟಲಿಲ್ಲ, ಕಟ್ಟದಂತೆ ತಡೆಯಲೂ ಇಲ್ಲ. ಸ್ಕೇಲ್ ಲಾಕ್ ತಪ್ಪು ಸ್ವರವನ್ನು ತಪ್ಪಿಸುತ್ತದೆ. ಲಯ, ಒತ್ತು, ಯಾವ ಸ್ವರದ ಮೇಲೆ ನಿಲ್ಲಬೇಕೆಂಬ ತೀರ್ಮಾನ ಇವೆಲ್ಲ ಬೆರಳಿಗೇ ಉಳಿಯುತ್ತವೆ. ಆದರೆ ಸ್ಕೇಲ್‌ನ ಹೊರಗಿನ ಸ್ವರವನ್ನು ಬೇಕೆಂದೇ ತಾಗಿಸುವ ಸೊಗಸು ಇದರಲ್ಲಿ ಇಲ್ಲವಾಗುತ್ತದೆ ಎಂಬ ಮಾತು ನಿಜ. ಅದನ್ನು ಉಳಿಸಿಕೊಳ್ಳಲು ಜೋರಾಗಿ ಒತ್ತಿದ ಸ್ವರವನ್ನು ತಿದ್ದಬೇಡ ಎಂದು ಒಂದು ಸಾಲು ಸೇರಿಸಬಹುದು. ಬಲದ ಸಂಖ್ಯೆ ಹೇಗೂ ಸಂದೇಶದಲ್ಲಿದೆ.

2024ರ ಲೈವ್ 12 ಇಡೀ ತಂತ್ರಾಂಶಕ್ಕೇ ಸ್ಕೇಲ್‌ನ ಅರಿವು ಕೊಟ್ಟಿತು. ಅದಕ್ಕೂ ಒಂದು ವರ್ಷ ಮೊದಲು, 2023ರ ಪರಿಷ್ಕರಣೆಯಲ್ಲಿ, ಮಿಡಿ 2.0ಕ್ಕೆ ಸ್ಕೇಲ್ ಗುರುತನ್ನು ನುಡಿಸುವ ಹೊತ್ತಿನಲ್ಲೇ ಸಾಧನಗಳ ನಡುವೆ ಸಾಗಿಸುವ ಸಂದೇಶ ಸೇರಿತು. ಸ್ಕೇಲ್‌ನ ಹೊರಗೆ ಬಿದ್ದ ಸ್ವರವನ್ನು ಏನು ಮಾಡಬೇಕು ಎಂಬುದನ್ನು ಆ ಸಂದೇಶ ಹೇಳುವುದಿಲ್ಲ. ಅದು ಈಗಲೂ ಸ್ಕ್ರಿಪ್ಟ್ ಬರೆಯುವವರ ಕೆಲಸವಾಗಿಯೇ ಇದೆ.