ಹೋಳು ಬ್ರೆಡ್ಡು ಮತ್ತು ಮನೆಯ ಸ್ಯಾಂಡ್‌ವಿಚ್

ಬ್ರೆಡ್ಡಿನ ಎರಡು ಹೋಳುಗಳ ನಡುವೆ ಮಾಂಸವಿಟ್ಟು ತಿನ್ನುವ ಪದ್ಧತಿಗೆ ಸ್ಯಾಂಡ್‌ವಿಚ್‌ನ ನಾಲ್ಕನೆಯ ಅರ್ಲ್, ಅಂದರೆ ಆ ಹೆಸರಿನ ಶ್ರೀಮಂತ ಪದವಿಯನ್ನು ಹೊಂದಿದ್ದ ಜಾನ್ ಮಾಂಟೆಗ್ಯೂನ (1718–1792) ಹೆಸರು ಅಂಟಿಕೊಂಡಿದೆ. ಜೂಜಿನ ಮೇಜು ಬಿಟ್ಟೇಳಲೊಲ್ಲದೆ ಅವನು ಇದನ್ನು ತರಿಸಿಕೊಳ್ಳುತ್ತಿದ್ದನೆಂಬ ಕಥೆ ಪ್ರಸಿದ್ಧವಾದರೂ, ನೌಕಾಡಳಿತದ ಕಡತಗಳ ಮುಂದೆ ಕುಳಿತೇ ತಿನ್ನುತ್ತಿದ್ದಿರಬೇಕೆಂಬ ಜೀವನಚರಿತ್ರಕಾರ ರಾಡ್ಜರ್ ಅವರ ಊಹೆಯೇ ಹೆಚ್ಚು ನಂಬಲರ್ಹವಾಗಿದೆ.

ಆದರೆ ಮನೆಯ ಸ್ಯಾಂಡ್‌ವಿಚ್ ಅರ್ಲನಿಗಿಂತ ಹೆಚ್ಚಾಗಿ ಅಮೆರಿಕದ ಆಟೊ ರೋವೆಡರ್‌ಗೆ ಋಣಿ. ಇಡೀ ಬ್ರೆಡ್ಡನ್ನು ಪುಡಿಯಾಗದಂತೆ ಒಂದೇ ದಪ್ಪಕ್ಕೆ ಕೊಯ್ಯಲು ಹರಿತವಾದ ಚಾಕುವೂ ಪಳಗಿದ ಕೈಯೂ ಬೇಕಿದ್ದ ಕಾಲದಲ್ಲಿ, ಆಭರಣ ವ್ಯಾಪಾರವನ್ನು ಬಿಟ್ಟು ಬಂದ ಈತ ರೂಪಿಸಿದ ಯಂತ್ರದಿಂದ ಕೊಯ್ದು ಸುತ್ತಿದ ಬ್ರೆಡ್ಡು 1928ರ ಜುಲೈ 7ರಂದು ಮಿಸೌರಿಯ ಚಿಲಿಕಾತಿಯಲ್ಲಿ ಮಾರಾಟಕ್ಕೆ ಬಂದಿತು. ಚಾಕು ಹಿಡಿಯಬಾರದ ಮಕ್ಕಳೂ ಕಡಲೆಕಾಯಿ ಬೆಣ್ಣೆ, ಜ್ಯಾಮ್ ಸವರಿಕೊಂಡು ತಮ್ಮ ಸ್ಯಾಂಡ್‌ವಿಚ್ಚನ್ನು ತಾವೇ ಮಾಡಿಕೊಂಡು ತಿನ್ನುವಂತಾದರು. ಈ ಅನುಕೂಲ ಎಷ್ಟು ಒಗ್ಗಿಹೋಗಿತ್ತೆಂಬುದು ಯುದ್ಧಕಾಲದಲ್ಲಿ ತಿಳಿಯಿತು: ಹೋಳುಗಳು ಒಣಗದಂತೆ ಸುತ್ತಲು ದಪ್ಪ ಮೇಣಗಾಗದ ಬೇಕೆಂಬ ಕಾರಣವನ್ನೂ ಮುಂದೊಡ್ಡಿ 1943ರ ಜನವರಿ 18ರಂದು ಸರ್ಕಾರ ಅವುಗಳ ಮಾರಾಟವನ್ನು ನಿಷೇಧಿಸಿದಾಗ, ಮುಂಜಾನೆಯ ಅವಸರದಲ್ಲಿ ಊಟದ ಡಬ್ಬಿಗಳಿಗಾಗಿ ಹೋಳು ಕೊಯ್ಯಬೇಕಾದ ಗೃಹಿಣಿಯರಿಂದ ಆಕ್ಷೇಪ ಎದ್ದಿತು. ಮಾರ್ಚ್ 8ರಂದು ನಿಷೇಧ ತೆರವಾಯಿತು.