ದೊರೆಯ ಕೈಯ ತಂಬೂರಿ

ಇಚಿಲಂಪಾಡಿಯ ಆಸುಪಾಸಿನಲ್ಲಿ ನೇಮದ ರಾತ್ರಿ ಬಂತೆಂದರೆ ದೂರದಿಂದ ಮೊದಲು ಕೇಳುವುದು ಸ್ಯಾಕ್ಸೊಫೋನ್. ಗುಂಡ್ಯ ಹೊಳೆ, ರಬ್ಬರ್ ತೋಟಗಳನ್ನು ದಾಟಿ ಆ ದನಿ ನಮ್ಮ ಜಗಲಿಯವರೆಗೂ ಬರುತ್ತದೆ. ನಾವು ಘಟ್ಟದ ಮೇಲಿನವರು. ಅಲಿಫ್-ಬೇಯನ್ನು ಉರ್ದು ಶಾಲೆಯಲ್ಲೂ ಉಳಿದದ್ದನ್ನು ಕನ್ನಡ ಶಾಲೆಯಲ್ಲೂ ಕಲಿತು, ಮೊದಲು ಪುತ್ತೂರಿಗೂ ಈಗ ಕಡಬಕ್ಕೂ ಸೇರಿದ ಈ ಊರಿಗೆ ಬಂದು ನೆಲೆಸಿದವರು. ದೈವದ ಮುಂದೆ, ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಹಿತ್ತಾಳೆಯ ಈ ವಿಲಾಯತಿ ವಾದ್ಯ ನುಡಿಯುವುದನ್ನು ಕಂಡು ಮೊದಮೊದಲು ನಮಗೆ ಸೋಜಿಗವಾಗಿತ್ತು. ಊರಿನವರಿಗೆ ಅದರಲ್ಲಿ ಸೋಜಿಗವೇನೂ ಇರಲಿಲ್ಲ. ಅವರ ಪಾಲಿಗೆ ಅದು ನಾಗಸ್ವರದಷ್ಟೇ ಮನೆಯದು.

ಇದರ ಕತೆ ಕೇಳುವಂಥದ್ದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯವಿದು. ಸೈನ್ಯದ ಬ್ಯಾಂಡುಗಳ ಜೊತೆ ಊರೂರು ಸುತ್ತಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲೂ ಇತ್ತು. ಬಂಟ್ವಾಳ ತಾಲೂಕಿನ ಸಜಿಪ ಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ನುಡಿಸುವವರ ಮಗ. ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಕರ್ನಾಟಕ ಸಂಗೀತದ ಗಮಕಗಳಿಗೆ ಅದನ್ನು ಒಗ್ಗಿಸಲು ವರ್ಷಗಟ್ಟಲೆ ಹೆಣಗಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಜಿಲ್ಲೆಯ ಮೂಲೆಮೂಲೆಗೂ ಸ್ಯಾಕ್ಸೊಫೋನ್ ಬಂದಿತ್ತು. ಅಂದರೆ ನಮ್ಮ ಜಗಲಿಗೆ ಬರುವ ದನಿಯ ಹಿಂದೆ ಒಂದು ಅರಮನೆ ಇದೆ. ಆ ಅರಮನೆಯ ಒಡೆಯರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಕೊಳಲು, ಮೃದಂಗ, ಸಿತಾರ್, ಪಿಯಾನೊಗಳ ಜೊತೆಗೆ ಸ್ಯಾಕ್ಸೊಫೋನನ್ನೂ ನುಡಿಸಬಲ್ಲವರಾಗಿದ್ದರು.

ಆಳುವವರು ವಾದ್ಯ ಹಿಡಿಯುವುದು ಈಗಲೂ ಕಾಣಸಿಗುತ್ತದೆ. ಸಮಾರಂಭಕ್ಕೆ ಬಂದ ಮಂತ್ರಿಗಳು ಡೊಳ್ಳಿಗೆ ನಾಲ್ಕು ಪೆಟ್ಟು ಹಾಕುತ್ತಾರೆ, ಶಾಸಕರು ಚೆಂಡೆಗೆ ಕೋಲು ತಾಗಿಸುತ್ತಾರೆ. ಫೋಟೋ ಮುಗಿದ ಮೇಲೆ ಕೋಲು ಚೆಂಡೆಯವನ ಕೈಗೆ ವಾಪಸು. ಅಮೆರಿಕದಲ್ಲಿ 1992ರ ಚುನಾವಣೆಯ ಹೊತ್ತಿಗೆ ಬಿಲ್ ಕ್ಲಿಂಟನ್ ಕಪ್ಪು ಕನ್ನಡಕ ಹಾಕಿಕೊಂಡು ಟಿವಿಯಲ್ಲಿ ಸ್ಯಾಕ್ಸೊಫೋನ್ ಊದಿದ್ದು ಲೋಕವೆಲ್ಲ ನೋಡಿದ ಸಂಗತಿ. ಕ್ಲಿಂಟನ್ ಎಳವೆಯಿಂದಲೇ ಕಲಿತವರು, ನಮ್ಮವರು ಆ ಕ್ಷಣಕ್ಕೆ ಕೋಲು ಹಿಡಿದವರು. ಇಬ್ಬರೂ ನುಡಿಸಿದ್ದು ಮಾತ್ರ ಮತದಾರನಿಗೆ ಕಾಣಲೆಂದು. ಇದರಲ್ಲಿ ದೊಡ್ಡ ಅಪರಾಧವೇನೂ ಇಲ್ಲ. ಆದರೆ ನಮಗೆ ಕುತೂಹಲವಿರುವುದು ಇನ್ನೊಂದು ಗಳಿಗೆಯ ಬಗ್ಗೆ. ಎಲ್ಲರಿಂದಲೂ ಕೈಮುಗಿಸಿಕೊಳ್ಳುವ ಮನುಷ್ಯ ಒಬ್ಬ ಸಂಗೀತಗಾರನ ಎದುರು ಏನೂ ತಿಳಿಯದವನಾಗಿ ಕೂತು, ತಪ್ಪು ನುಡಿಸಿ, ತಿದ್ದಿಸಿಕೊಳ್ಳುವ ಗಳಿಗೆ ಅದು. ಅದಕ್ಕೆ ಫೋಟೋ ಇರುವುದಿಲ್ಲ. ಚರಿತ್ರೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಅದು ಉಳಿದಿರುತ್ತದೆ. ಕನ್ನಡನಾಡಿನ ಮಟ್ಟಿಗೆ ಅಂಥ ಸಾಲುಗಳನ್ನು ಹುಡುಕಲು ಬಿಜಾಪುರದಿಂದಲೇ ಹೊರಡಬೇಕು.

ಎರಡನೆಯ ಇಬ್ರಾಹಿಂ ಆದಿಲ್ ಶಾಹ 1580ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. 1627ರವರೆಗೆ, ಅಂದರೆ 47 ವರ್ಷ ಆಳಿದ. ಜನ ಅವನನ್ನು ಜಗದ್ಗುರು ಎಂದು ಕರೆದದ್ದು ಎಲ್ಲರಿಗೂ ಗೊತ್ತು. ಅವನ 'ಕಿತಾಬ್-ಎ-ನವರಸ್' ದಖನಿಯಲ್ಲಿದೆ. 59 ಹಾಡು, 17 ದ್ವಿಪದಿಗಳ ಆ ಪುಸ್ತಕದಲ್ಲಿ ಹಾಡುಗಳನ್ನು ರಾಗಗಳ ಕೆಳಗೆ ಜೋಡಿಸಲಾಗಿದೆ. ಸರಸ್ವತಿ, ಗಣಪತಿ ಅಲ್ಲಿದ್ದಾರೆ. ಪ್ರವಾದಿಯವರ ಸ್ತುತಿಯಿದೆ. ಗುಲ್ಬರ್ಗದ ಬಂದೇ ನವಾಜ್ ಗೇಸುದರಾಜರಿಗೆ ಸಲಾಮಿದೆ. ಹೆಂಡತಿ ಚಾಂದ್ ಸುಲ್ತಾನಾ, ಪ್ರೀತಿಯ ಆನೆ ಆತಿಶ್ ಖಾನ್ ಕೂಡ ಬರುತ್ತಾರೆ. ಇವರೆಲ್ಲರ ಸಾಲಿನಲ್ಲಿ ಒಂದು ವಾದ್ಯವೂ ಇದೆ. ಅದು ಅವನ ತಂಬೂರಿ. ಅದಕ್ಕೆ ಅವನಿಟ್ಟ ಹೆಸರು ಮೋತಿ ಖಾನ್. ತಂಬೂರಿಗೆ ಖಾನ್ ಎಂಬ ಬಿರುದು ಕೊಟ್ಟ ದೊರೆ ಬೇರೆ ಯಾರಾದರೂ ಇದ್ದಾನೆಯೇ? ಉರ್ದು ಬಲ್ಲ ನಮಗೂ ಆ ಹಳೆಯ ದಖನಿ ಕೆಲವೆಡೆ ಕಬ್ಬಿಣದ ಕಡಲೆಯೇ. ಆದರೆ ಮೋತಿ ಖಾನನ ಮೇಲಿನ ಅವನ ಮೋಹ ತಿಳಿಯಲು ನಿಘಂಟು ಬೇಕಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಾಲು ಮೊಘಲ್ ಬಾದಷಹ ಜಹಾಂಗೀರನ ಆತ್ಮಕಥೆಯಲ್ಲಿದೆ. ಬಕ್ತರ್ ಖಾನ್ ಎಂಬ ಕಲಾವಂತ ಬಿಜಾಪುರದಿಂದ ದರವೇಶಿಯ ವೇಷದಲ್ಲಿ ತನ್ನಲ್ಲಿಗೆ ಬಂದುದನ್ನು ಜಹಾಂಗೀರ್ ಬರೆಯುತ್ತಾನೆ. ಆದಿಲ್ ಖಾನ್ ಈ ಗಾಯಕನನ್ನು ಹಾಡುಗಾರಿಕೆಯಲ್ಲಿ, ಧ್ರುಪದಿನಲ್ಲಿ ತನ್ನ ಗುರುವಾಗಿ ಮಾಡಿಕೊಂಡಿದ್ದನಂತೆ. ತನ್ನ ಸೋದರನ ಮಗಳನ್ನೇ ಅವನಿಗೆ ಮದುವೆ ಮಾಡಿಕೊಟ್ಟಿದ್ದನಂತೆ. ಹಾಡುಗಾರರೆಂದರೆ ಸಂಬಳದ ಆಳುಗಳಾಗಿದ್ದ ಕಾಲ ಅದು. ಅರಮನೆಯ ಹೆಣ್ಣನ್ನು ಕಲಾವಂತನಿಗೆ ಕೊಡುವುದೆಂದರೆ ಅವನನ್ನು ನೆಂಟನಾಗಿ ಒಳಮನೆಗೆ ಕರೆದ ಹಾಗೆ. ಆ ಹುಡುಗಿಯನ್ನು ಯಾರಾದರೂ ಕೇಳಿದರೋ ಇಲ್ಲವೋ ಎಂಬ ಪ್ರಶ್ನೆಯನ್ನು ಮಾತ್ರ ಅಂದಿನ ಯಾವ ಬರಹಗಾರನೂ ಎತ್ತುವುದಿಲ್ಲ.

1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಬಿಜಾಪುರಕ್ಕೆ ಬಂದ. ಇಬ್ರಾಹಿಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡಿಸುವ ಕೆಲಸ ಅವನದು. ಹಿಂತಿರುಗುವಾಗ ಅಕ್ಬರನಿಗೆ ತೋರಿಸಲೆಂದು ಹೊಗೆಸೊಪ್ಪನ್ನೂ ಒಯ್ದವನೀತ. ಸಂಗೀತ ನಡೆಯುತ್ತಿದ್ದಾಗ ಸುಲ್ತಾನ ಅದರಲ್ಲಿ ಎಷ್ಟು ಮುಳುಗಿದ್ದನೆಂದರೆ ತನ್ನ ಮಾತಿಗೆ ಸರಿಯಾಗಿ ಉತ್ತರಿಸುವುದೂ ಅವನಿಗೆ ಕಷ್ಟವಾಯಿತು ಎಂದು ಅಸದ್ ಬೇಗ್ ಬರೆದಿದ್ದಾನೆ. ಮಧ್ಯೆ ಸುಲ್ತಾನ ಒಂದು ಪ್ರಶ್ನೆ ಕೇಳಿದ. ಅದು ಅಕ್ಬರನ ಸೈನ್ಯದ ಬಗ್ಗೆಯೂ ಅಲ್ಲ, ಖಜಾನೆಯ ಬಗ್ಗೆಯೂ ಅಲ್ಲ. ತಾನ್‌ಸೇನ್ ಬಾದಷಹನ ಎದುರು ನಿಂತು ಹಾಡುತ್ತಿದ್ದನೋ, ಕುಳಿತು ಹಾಡುತ್ತಿದ್ದನೋ ಎಂದು. ಹಗಲಿನ ದರ್ಬಾರಿನಲ್ಲಿ ನಿಲ್ಲಬೇಕು, ರಾತ್ರಿಯ ಹೊತ್ತು, ನವರೋಜಿನಂಥ ಹಬ್ಬಗಳಲ್ಲಿ ಕೂರಲು ಅಪ್ಪಣೆಯುಂಟು ಎಂದು ರಾಯಭಾರಿ ಉತ್ತರಿಸಿದ. ಆ ಪ್ರಶ್ನೆಯಲ್ಲಿ ಬಿಜಾಪುರದ ಇಡೀ ಸಂಗೀತ ನೀತಿಯೇ ಇದೆ ಎಂದು ನಮಗನಿಸುತ್ತದೆ. ಕಲಿಸುವವನನ್ನು ನಿಲ್ಲಿಸಿ, ಕಲಿಯುವವನು ಸಿಂಹಾಸನದಲ್ಲಿ ಕೂತರೆ ವಿದ್ಯೆ ಕೈಗೆ ಹತ್ತುವುದಿಲ್ಲ ಎಂಬುದು ತಂಬೂರಿ ಹಿಡಿದವನಿಗೆ ತಿಳಿದಿರಬೇಕು.

ಹಾಗೆಂದು ಇಬ್ರಾಹಿಮನನ್ನು ಸಂತನನ್ನಾಗಿ ಮಾಡುವುದು ಬೇಡ. ತನ್ನ ಹೆಸರಿನಲ್ಲಿ ಆಳುತ್ತಿದ್ದ ದಿಲಾವರ್ ಖಾನನ ಕಣ್ಣು ಕೀಳಿಸಿದವನು ಇವನೇ. ಬೆಳಗಾವಿಯಲ್ಲಿ ದಂಗೆಯೆದ್ದ ತಮ್ಮ ಇಸ್ಮಾಯಿಲನನ್ನು ಕೊಲ್ಲಿಸಿದವನೂ ಇವನೇ. ಸಂಗೀತಕ್ಕೆಂದೇ 1599ರಲ್ಲಿ ಕಟ್ಟಲು ತೊಡಗಿದ ನವರಸಪುರ 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕಿ ಹಾಳಾಯಿತು. ತಂಬೂರಿ ಅವನನ್ನು ಮೃದುವಾಗಿಸಲೂ ಇಲ್ಲ, ಅವನ ಊರನ್ನು ಕಾಯಲೂ ಇಲ್ಲ.

ಮೈಸೂರಿಗೆ ಬರೋಣ. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಬಾಗಿಲು ಉತ್ತರದ ಉಸ್ತಾದರಿಗೂ ತೆರೆದಿತ್ತು. ಆಗ್ರಾ ಘರಾಣೆಯ ಫಯಾಜ್ ಖಾನರಿಗೆ ಆಫ್ತಾಬ್-ಎ-ಮೌಸೀಖಿ ಎಂಬ ಬಿರುದು ಸಿಕ್ಕಿದ್ದು ಇಲ್ಲಿ. ಸಿತಾರಿನ ಬರ್ಕತುಲ್ಲಾ ಖಾನರು ಆಸ್ಥಾನದಲ್ಲಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ತನ್ನ ಕಡೆಗಾಲದಲ್ಲಿ, 1928ರಲ್ಲಿ, ಅರಮನೆಯ ಗಾಯಕಿಯಾಗಿ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದಳು.

ಆದರೆ ಪ್ರಾಯಕ್ಕೆ ಬಂದ ಮೇಲೆ ಶಿಷ್ಯನಾಗುವ ಮಾತಿಗೆ ನಾಲ್ವಡಿಯವರಿಗಿಂತ ಅವರ ತಮ್ಮನ ಮಗ ಜಯಚಾಮರಾಜ ಒಡೆಯರೇ ದೊಡ್ಡ ಉದಾಹರಣೆ. 1919ರಲ್ಲಿ ಹುಟ್ಟಿದ ಅವರು ಬೆಳೆದದ್ದು ಪಿಯಾನೊದ ಮುಂದೆ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ. ರಷ್ಯಾದ ರಾಖ್ಮಾನಿನೊವ್ ಬಳಿ ಕಲಿಯಬೇಕೆಂಬ ಆಸೆಯಿತ್ತು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ತೀರಿಕೊಂಡರು. 21ನೆಯ ವಯಸ್ಸಿಗೆ ಸಿಂಹಾಸನ ಬಂತು, ಪಿಯಾನೊದ ಕನಸು ಹೋಯಿತು. ನುಡಿಸಲಾಗದಿದ್ದರೂ ನುಡಿಸುವವರ ಕೈಬಿಡಲಿಲ್ಲ. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯಾದ ಸಂಗೀತಗಾರ ಮೆಟ್ನರ್ ಅವರ ಕೃತಿಗಳು ರೆಕಾರ್ಡ್ ಆಗಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಮೈಸೂರಿನ ಹಣದ ಆಸರೆಯಿಂದಲೇ.

ಇಷ್ಟು ಬಲ್ಲ ಮನುಷ್ಯ ತನ್ನ ಊರಿನ ಸಂಗೀತಕ್ಕೆ ಹೊಸಬನಾಗಿ ಬಂದ. ಕಿವಿಗೆ ಅದು ಬಿದ್ದೇ ಇತ್ತು. ಆದರೆ ಕೂತು ಕಲಿತದ್ದು ದೊರೆಯಾದ ಮೇಲೆ. ವೈಣಿಕ ವೆಂಕಟಗಿರಿಯಪ್ಪನವರಲ್ಲಿ ವೀಣೆ, ಎಂಬತ್ತರ ಹತ್ತಿರದಲ್ಲಿದ್ದ ಮೈಸೂರು ವಾಸುದೇವಾಚಾರ್ಯರಿಂದ ಮಾರ್ಗದರ್ಶನ. ಪಿಯಾನೊದಲ್ಲಿ ಒಂದೊಂದು ಸ್ವರಕ್ಕೂ ಅದರದ್ದೇ ಮನೆ. ವೀಣೆಯಲ್ಲಿ ತಂತಿಯನ್ನೆಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು. ಪಿಯಾನೊಗೆ ಪಳಗಿದ ಬೆರಳು ಇಲ್ಲಿ ಮತ್ತೆ ಮಗುವಾಗಬೇಕು. ಅದಕ್ಕೊಪ್ಪಿದ್ದರಿಂದಲೇ ಶ್ರೀವಿದ್ಯಾ ಅಂಕಿತದ 94 ಕೃತಿಗಳು ನಮಗೆ ಸಿಕ್ಕಿದವು. ಒಂದೊಂದೂ ಒಂದೊಂದು ರಾಗದಲ್ಲಿ. ಆಮೇಲೆ ಅವರು ರಾಜಪ್ರಮುಖರಾದರು, 1956ರಿಂದ 1964ರವರೆಗೆ ಮೈಸೂರಿನ, ಬಳಿಕ 1966ರವರೆಗೆ ಮದರಾಸಿನ ರಾಜ್ಯಪಾಲರಾದರು. ಹುದ್ದೆಗಳು ಒಂದೊಂದಾಗಿ ಕಳಚಿದವು. ಕೃತಿಗಳನ್ನು ಇಂದಿಗೂ ಹಾಡುತ್ತಾರೆ.

ಇಲ್ಲಿಯೂ ಒಂದು ಮಾತು ಹೇಳಲೇಬೇಕು. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿಗೆ ಜನ ಬೀದಿಗಿಳಿದಿದ್ದು ಇದೇ ಮಹಾರಾಜರ ಆಡಳಿತದ ಎದುರು. ಜವಾಬ್ದಾರಿ ಸರ್ಕಾರ ಕೇಳಿದವರು ಜೈಲು ಸೇರಿದರು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಸರ್ಕಾರ ಬಂದದ್ದು ವೀಣೆಯಿಂದಲ್ಲ, ಆ ಜನರಿಂದ. ಗುರುವಿನ ಎದುರು ಕೂರಲು ಕಲಿತವನು ಪ್ರಜೆಯ ಎದುರೂ ಕೂರುತ್ತಾನೆಂಬ ಭರವಸೆಯಿಲ್ಲ.

ಸಂಗೀತವನ್ನು ದೊರೆಯ ನಡತೆಗೆ ಸರ್ಟಿಫಿಕೇಟು ಮಾಡಿಕೊಳ್ಳುವುದು ಎರಡು ಅಲಗಿನ ಕತ್ತಿ. ಅವಧದ ವಾಜಿದ್ ಅಲಿ ಶಾಹನ ಠುಮ್ರಿ, ನೃತ್ಯಗಳನ್ನೇ ಅವನ ಅಯೋಗ್ಯತೆಗೆ ಸಾಕ್ಷಿಯಾಗಿ ಎಣಿಸಿ ಕಂಪನಿ ಸರ್ಕಾರ 1856ರಲ್ಲಿ ರಾಜ್ಯ ಕಿತ್ತುಕೊಂಡಿತು. ನಮ್ಮ ಕಾಲದಲ್ಲಿ ಇದು ತಿರುಗಾಮುರುಗಾ ಆಗಿದೆ. ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ ವೀಣೆ ನುಡಿಸುತ್ತಿದ್ದರು. ಅದು ಅವರ ಖುಷಿ. ಆದರೆ ವೀಣೆ ನುಡಿಸುವ ಮುಸಲ್ಮಾನ ಒಳ್ಳೆಯವನು ಎಂಬ ಧಾಟಿಯ ಹೊಗಳಿಕೆಯನ್ನು ನಾವು ಬಸ್ಸಿನಲ್ಲಿ, ಚಹದಂಗಡಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇಬ್ರಾಹಿಮನನ್ನು ಹೊಗಳುವಾಗಲೂ ಅದೇ ಧಾಟಿ. ಸರಸ್ವತಿಯನ್ನು ಹಾಡಿದನಲ್ಲ, ಹಾಗಾಗಿ ಪರವಾಗಿಲ್ಲ ಎಂಬಂತೆ. ವೀಣೆ ಮುಟ್ಟದ ಮುಸಲ್ಮಾನ ಏನು ಮಾಡಬೇಕು? ಯಾರ ಮುಂದೆ ಪರೀಕ್ಷೆ ಕೊಡಬೇಕು? ಸಂಗೀತ ಕಲಿಯುವುದು ಪರೀಕ್ಷೆಗಲ್ಲ.

ಇತ್ತ ನಮ್ಮವರೊಳಗೂ ಚರ್ಚೆ ಮುಗಿದಿಲ್ಲ. ದಫ್ಫಿಗೆ ಅಡ್ಡಿಯಿಲ್ಲ, ತಂತಿವಾದ್ಯ ಬೇಡ ಎನ್ನುವ ಹಿರಿಯರಿದ್ದಾರೆ. ಅವರ ಶ್ರದ್ಧೆಯನ್ನು ನಾವು ಗೇಲಿ ಮಾಡುವುದಿಲ್ಲ. ಆದರೆ ಇಮಾಮ್ ಗಜ್ಜಾಲಿಯವರು ಸಮಾ ಎಂಬ ಆಲಿಸುವಿಕೆಗೆ ತಮ್ಮ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಕಾಲ, ಜಾಗ, ಜೊತೆಗಾರರು ಈ ಮೂರನ್ನೂ ನೋಡಬೇಕೆಂಬ ಹಳೆಯ ಸೂಫಿ ಮಾತನ್ನು ಎತ್ತಿಕೊಂಡದ್ದನ್ನೂ ಮರೆಯಬಾರದು. ಗೇಸುದರಾಜರ ನೆಲದಲ್ಲಿ ಇದು ಹೊಸ ವಿಚಾರವಲ್ಲ.

ಇಷ್ಟೆಲ್ಲ ಬರೆಯಲು ಕಾರಣವೂ ಇದೆ. ನಲ್ವತ್ತು ದಾಟಿದ ಮೇಲೆ ನಾವೊಂದು ಹಳೆಯ ಹಾರ್ಮೋನಿಯಂ ತಂದೆವು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮನೆಯಲ್ಲೂ ಕೇಳಿದರು, ಜುಮಾ ಮುಗಿಸಿ ಹೊರಬಂದಾಗ ಅಂಗಳದಲ್ಲೂ ಕೇಳಿದರು. ನಮ್ಮಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಕಲಿಸುವ ಹುಡುಗನಿಗೆ ನಮ್ಮ ಅರ್ಧದಷ್ಟು ಪ್ರಾಯ. ಹಗಲು ರಬ್ಬರ್ ಟ್ಯಾಪಿಂಗ್, ನೇಮದ ದಿನಗಳಲ್ಲಿ ಸ್ಯಾಕ್ಸೊಫೋನ್ ತಂಡದ ಜೊತೆ. ನಾವು ಅವನನ್ನು ಮಾಸ್ಟ್ರೇ ಎನ್ನುತ್ತೇವೆ, ಅವನು ನಮ್ಮನ್ನು ಸಾಹೇಬ್ರೇ ಎನ್ನುತ್ತಾನೆ. ಮೊದಲ ದಿನ ನಾವು ಕುರ್ಚಿಯಲ್ಲಿ ಕೂತೆವು, ಅವನು ಸಂಕೋಚದಿಂದ ಬಾಗಿಲ ಬಳಿ ನಿಂತ. ಪಾಠ ಸಾಗಲಿಲ್ಲ. ಮಾರನೆಯ ವಾರ ಚಾಪೆ ಹಾಸಿ ಇಬ್ಬರೂ ಕೆಳಗೆ ಕೂತೆವು. ಸರಳೆಯಲ್ಲಿ ಅದೇ ಜಾಗದಲ್ಲಿ ನಮ್ಮ ಬೆರಳು ಇಂದಿಗೂ ತಪ್ಪುತ್ತದೆ.

ಕದ್ರಿ ಗೋಪಾಲನಾಥರು 1994ರಲ್ಲಿ ಲಂಡನ್ನಿನ ಅದೇ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರೆಂದು ಹುಡುಗ ಹೆಮ್ಮೆಯಿಂದ ಹೇಳುತ್ತಾನೆ. ಅಲ್ಲಿಗೆ ಮೈಸೂರಿನ ದೊರೆಯೊಬ್ಬರ ಹಣ ಮೊದಲೇ ಹೋಗಿತ್ತೆಂದು ನಾವು ಹೇಳಿದೆವು. ಅವನು ಕ್ಷಣ ಯೋಚಿಸಿ, ಆ ದೊರೆಗೆ ಕಲಿಸಿದವರು ಯಾರು ಎಂದು ಕೇಳಿದ. ಮುಂದೆ ಯಾವುದಾದರೂ ವೇದಿಕೆಯಲ್ಲಿ ಮಂತ್ರಿಗಳು ಚೆಂಡೆ ಬಾರಿಸಿದಾಗ ಓದುಗರು ಇದೇ ಪ್ರಶ್ನೆ ಕೇಳಲಿ ಎಂದು ನಮ್ಮ ಆಸೆ. ನಾವು ವೆಂಕಟಗಿರಿಯಪ್ಪನವರ ಹೆಸರು ಹೇಳಿದೆವು. ಹುಡುಗ ತಲೆಯಾಡಿಸಿ, "ಆಯ್ತು ಸಾಹೇಬ್ರೇ, ಇನ್ನೊಮ್ಮೆ ಮೊದಲಿನಿಂದ ಬಾರಿಸಿ" ಎಂದ.