ಆನ್ ಆಗದ ಸಿಸ್ಟಂ: ಉತ್ತರ ಬೆಂಗಳೂರಿನ ಕಂಪ್ಯೂಟರ್ ರಿಪೇರಿಯ ಹಿನ್ನೋಟ

ಉತ್ತರ ಬೆಂಗಳೂರಿನಲ್ಲಿ ಮನೆ ಕಂಪ್ಯೂಟರಿನ ರಿಪೇರಿ ಒಂದು ಕಸುಬಾಗಿ ನೆಲೆಯೂರಿದ್ದು 1990ರ ದಶಕದಲ್ಲಿ. ಅದಕ್ಕೆ ಬೇಕಾದ ನೆಲ ಬಹಳ ಹಿಂದೆಯೇ ಹದವಾಗಿತ್ತು. ಯಶವಂತಪುರದ ಈಚೆಗೆ 1909ರಲ್ಲಿ ಸ್ಥಾಪನೆಯಾದ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ), ಆಚೆಗೆ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್. ಮಲ್ಟಿಮೀಟರ್ ಹಿಡಿದು ದೋಷ ಹುಡುಕುವ ಕೆಲಸ ಈ ಭಾಗಕ್ಕೆ ಹೊಸದಾಗಿರಲಿಲ್ಲ. ಮೊದಲು ರೇಡಿಯೊ, 1980ರ ದಶಕದಲ್ಲಿ ಟಿ.ವಿ. ರಿಪೇರಿ ಅಂಗಡಿಗಳು ಬಡಾವಣೆಗಳಿಗೆ ಬಂದವು. ಕಂಪ್ಯೂಟರ್ ರಿಪೇರಿ ಅವುಗಳ ಬೆನ್ನಿಗೇ ಬಂತು.

ದೇಶದಲ್ಲಿ ಕಂಪ್ಯೂಟರಿನ ಆಮದಿಗೆ ಬಾಗಿಲು ಸಡಿಲಿದ್ದು 1984ರ ನವೆಂಬರ್‌ನ ಹೊಸ ಕಂಪ್ಯೂಟರ್ ನೀತಿಯಿಂದ. ಆದರೂ ಬ್ರಾಂಡೆಡ್ ಯಂತ್ರದ ಬೆಲೆ ಮಧ್ಯಮ ವರ್ಗದ ಕೈಗೆ ಎಟುಕುತ್ತಿರಲಿಲ್ಲ. ಆ ಅಂತರವನ್ನು ತುಂಬಿದ್ದು ಅಸೆಂಬಲ್ಡ್ ಕಂಪ್ಯೂಟರ್. ಪೇಟೆಯ ಎಸ್.ಪಿ. ರಸ್ತೆಯಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ ಬಿಡಿಬಿಡಿಯಾಗಿ ಸಿಗುತ್ತಿದ್ದವು. ಅವನ್ನು ತಂದು ಆರ್.ಟಿ. ನಗರ, ಹೆಬ್ಬಾಳ, ಯಲಹಂಕ ಉಪನಗರದಂಥ ಬಡಾವಣೆಗಳ ಮನೆಗಳಲ್ಲಿ ಜೋಡಿಸಿಕೊಡುವವರು ಹುಟ್ಟಿಕೊಂಡರು. ಜೋಡಿಸಿದವರೇ ಕೆಟ್ಟಾಗಲೂ ಬರಬೇಕಾಗುತ್ತಿತ್ತು. 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿ, 2005ರ ಹೊತ್ತಿಗೆ ಕಂಪ್ಯೂಟರಿನ ಆಮದು ಸುಂಕ ಸೊನ್ನೆಗೆ ಇಳಿದ ಮೇಲೆ ಯಂತ್ರಗಳೂ ಹೆಚ್ಚಿದವು, ರಿಪೇರಿಯೂ ಹೆಚ್ಚಿತು.

ಮನೆಯವರು ಹೇಳುತ್ತಿದ್ದ ದೂರು ಬಹುಮಟ್ಟಿಗೆ ಒಂದೇ: ‘ಡಿಸ್‌ಪ್ಲೇ ಬರ್ತಿಲ್ಲ’. ಅದರ ಹಿಂದಿನ ಕಾರಣ ಹಲವಿರುವುದರಿಂದ ಹುಡುಕುವುದಕ್ಕೆ ಒಂದು ಕ್ರಮ ಬೆಳೆಯಿತು. ಮೊದಲ ಪರೀಕ್ಷೆ ವಿದ್ಯುತ್ತಿನದು. ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಅದರ ಹಸಿರು ತಂತಿಯನ್ನು ಕಪ್ಪು ತಂತಿಗೆ ತಾಗಿಸಿದರೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ದೋಷ ಅಲ್ಲೇ. ತಿರುಗಿದರೆ ಮುಂದಿನ ಕೆಲಸ ಕಿವಿಯದು. ಅವಾರ್ಡ್ ಬಯೋಸ್ (ಯಂತ್ರವನ್ನು ಚಾಲನೆಗೆ ತರುವ ಮೂಲ ತಂತ್ರಾಂಶ) ಇದ್ದ ಯಂತ್ರದಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡಿನ ತೊಂದರೆ. ಉದ್ದನೆಯ ಬೀಪ್ ಬಿಡದೆ ಬರುತ್ತಿದ್ದರೆ ರ‍್ಯಾಮ್‌ನದು. ಆಗ ರ‍್ಯಾಮ್ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಕ್ಲಿಪ್ಪು ಕಟಕ್ ಎನ್ನುವ ತನಕ ಒತ್ತಿ ಕೂರಿಸುತ್ತಿದ್ದರು. ಅಂಚಿನ ಮೇಲಿನ ಕಿಲುಬು, ದೂಳು ಹೋದರೆ ಸಂಪರ್ಕ ಸರಿಯಾಗುತ್ತದೆ. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತಿತ್ತು. ದಿನಾಂಕ ಹಿಂದಕ್ಕೆ ಹೋಗಿದ್ದರೆ 3 ವೋಲ್ಟಿನ ಬಿಲ್ಲೆಯಂಥ ಸಿಆರ್ 2032 ಬ್ಯಾಟರಿ ಬದಲಾಗುತ್ತಿತ್ತು.

ಕರೆಂಟು ಹೋಗುವುದು ಇನ್ನೊಂದು ಪೀಡೆಯಾಗಿತ್ತು. ಯಂತ್ರ ಬರೆಯುತ್ತಿದ್ದಾಗಲೇ ಕರೆಂಟು ಹೋದರೆ ಡಿಸ್ಕಿನ ಫೈಲುಗಳು ಹಾಳಾಗುತ್ತವೆ. ವಿಂಡೋಸ್ 98 ಮತ್ತೆ ಆನ್ ಆದಾಗ ತಾನಾಗಿ ಸ್ಕ್ಯಾನ್‌ಡಿಸ್ಕ್ ಓಡಿಸುತ್ತಿದ್ದುದು ಇದಕ್ಕಾಗಿಯೇ. ಮನೆಗಳಲ್ಲಿ ಯುಪಿಎಸ್ ಕಂಪ್ಯೂಟರಿನ ಜೊತೆಯಲ್ಲೇ ಕೊಳ್ಳುವ ವಸ್ತುವಾಯಿತು.

1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಭಾರತವೂ ಸೇರಿ ಹಲವು ದೇಶಗಳಲ್ಲಿ ಹಾವಳಿ ಎಬ್ಬಿಸಿತು. ಅದು ಹಾರ್ಡ್‌ಡಿಸ್ಕಿನ ಮೊದಲ ಭಾಗವನ್ನು ಅಳಿಸುವುದಷ್ಟೇ ಅಲ್ಲದೆ, ಕೆಲವು ಬೋರ್ಡುಗಳ ಬಯೋಸ್ ಚಿಪ್ಪನ್ನೂ ಕೆಡಿಸುತ್ತಿತ್ತು. ಸಾಫ್ಟ್‌ವೇರ್‌ನಿಂದಲೇ ಹಾರ್ಡ್‌ವೇರ್ ಸತ್ತಂತಾಗುವುದನ್ನು ರಿಪೇರಿಯವರು ಆಗ ಕಂಡರು. ಚಿಪ್ಪು ಸಾಕೆಟ್ಟಿನಲ್ಲಿದ್ದರೆ ತೆಗೆದು ಮತ್ತೆ ಬರೆಸಬಹುದಿತ್ತು. ಇಲ್ಲದಿದ್ದರೆ ಬೋರ್ಡನ್ನೇ ಬದಲಿಸಬೇಕಿತ್ತು.

2000ದ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಕಳಪೆ ಕೆಪ್ಯಾಸಿಟರುಗಳ ಬೋರ್ಡುಗಳು ಮಾರುಕಟ್ಟೆಗೆ ಬಂದವು. ಸಿಸ್ಟಂ ನಡುನಡುವೆ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಕ್ಯಾಬಿನೆಟ್ ಬಿಚ್ಚಿ ಪ್ರೊಸೆಸರಿನ ಸುತ್ತ ನೋಡುವುದು ರೂಢಿಯಾಯಿತು. ತಲೆ ಉಬ್ಬಿ, ಕಂದು ದ್ರವ ಒಸರಿದ ಕೆಪ್ಯಾಸಿಟರ್ ಕಂಡರೆ ಅದನ್ನು ಬಿಡಿಸಿ, ಅಷ್ಟೇ ಮೈಕ್ರೋಫ್ಯಾರಡ್‌ನ, ವೋಲ್ಟೇಜ್ ಕಡಿಮೆಯಿಲ್ಲದ ಹೊಸದನ್ನು ಬೆಸುಗೆ ಹಾಕುತ್ತಿದ್ದರು. ಟಿ.ವಿ. ರಿಪೇರಿ ಕಲಿತ ಕೈಗೆ ಇದು ಸಲೀಸು. ಅದೇ ಹೊತ್ತಿಗೆ ವಿಂಡೋಸ್ ಎಕ್ಸ್‌ಪಿಯ ಸಿ.ಡಿ. ಸುಲಭವಾಗಿ ಸಿಗತೊಡಗಿದ್ದರಿಂದ ಕಾರಣ ಹುಡುಕದೆ ‘ಫಾರ್ಮ್ಯಾಟ್ ಹೊಡೆಯುವ’ ಅಭ್ಯಾಸವೂ ಬೆಳೆಯಿತು. ಕೆಲಸ ಬೇಗ ಮುಗಿಯುತ್ತಿತ್ತು. ಬ್ಯಾಕಪ್ ತೆಗೆಯದಿದ್ದ ಮನೆಗಳ ಫೋಟೊ, ಲೆಕ್ಕಪತ್ರಗಳೂ ಅದರೊಂದಿಗೇ ಹೋಗುತ್ತಿದ್ದವು.

ಲ್ಯಾಪ್‌ಟಾಪ್ ಬಂದ ಮೇಲೆ ಕಸುಬಿನ ಸ್ವರೂಪ ಬದಲಾಯಿತು. ತೆಳ್ಳನೆಯ ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಉಜ್ಜಲು ಅಂಚಿಲ್ಲ, ಬದಲಿಸಲು ಸ್ಲಾಟಿಲ್ಲ. ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಅದನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿದರೂ ರಿಕವರಿ ಕೀ ಇಲ್ಲದೆ ಒಂದು ಫೈಲೂ ತೆರೆಯದು. ಹಳೆಯ ಕ್ರಮಕ್ಕೆ ಬೆಲೆ ಹೋಗಿಲ್ಲ ಎಂಬುದಕ್ಕೂ ನಿದರ್ಶನವಿದೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು; ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ಪರಿಹಾರ ಬಡಾವಣೆಯ ಅಂಗಡಿಯಲ್ಲಿ ಮಾಡುವಂಥದ್ದೇ: ಸೇಫ್ ಮೋಡ್‌ನಲ್ಲಿ ತೆರೆದು, ಕೆಟ್ಟ ಫೈಲನ್ನು ಅಳಿಸಿ, ಮತ್ತೆ ಆನ್ ಮಾಡುವುದು.

ಮೂರು ದಶಕಗಳ ಈ ಕಸುಬು ನಿಂತದ್ದು ಭಾಗಗಳನ್ನು ಬಿಚ್ಚಬಹುದು ಎಂಬ ಒಂದೇ ಆಧಾರದ ಮೇಲೆ. ಆದ್ದರಿಂದ ಹೊಸ ಯಂತ್ರ ಕೊಳ್ಳುವವರು ವೇಗ, ಬೆಲೆಗಳ ಜೊತೆಗೆ ರ‍್ಯಾಮ್ ಮತ್ತು ಡಿಸ್ಕ್ ಬದಲಿಸಲು ಬರುತ್ತದೆಯೇ ಎಂದೂ ಕೇಳಬೇಕು. ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.